ಪೂಲ್ ಸ್ಟಿಕ್‌ನ ಬುಡಕ್ಕೆ ರಬ್ಬರ್ ಬುಷ್ ಬೇಕಾ, ಬೇಡ್ವಾ? ಸಣ್ಣ ತುಂಡಿನ ಹಿಂದೆ ಬಾಡಿಗೆ, ಶಬ್ದ, ಮಳೆಗಾಲದ ಲೆಕ್ಕ

ಕಾಟಿಪಳ್ಳ: ಪೂಲ್ ಆಡುವ ಕೋಲಿನ ಬುಡಕ್ಕೆ ರಬ್ಬರ್ ಬುಷ್ ಹಾಕ್ಬೇಕಾ, ಬೇಡ್ವಾ? ಕೇಳುವಾಗ ಇದೂ ಒಂದು ಚರ್ಚೆಯಾ ಮಾರಾಯ್ರೆ ಅನ್ನಿಸಬಹುದು. ಆದರೆ ಬಾಡಿಗೆ ಕೋಣೆಯಲ್ಲಿ ಒಂದೆರಡು ಟೇಬಲ್ ಹಾಕಿ ಹೊಟ್ಟೆಪಾಡು ನೋಡುವವರಿಗೆ, ಆ ಕೋಣೆಯ ಕೆಳಗೋ ಪಕ್ಕದಲ್ಲೋ ಸಂಸಾರ ಮಾಡಿಕೊಂಡಿರುವವರಿಗೆ, ಕಟ್ಟಡ ಬಾಡಿಗೆಗೆ ಕೊಟ್ಟ ಮಾಲಕರಿಗೆ ಇದು ತಮಾಷೆಯ ಪ್ರಶ್ನೆ ಅಲ್ಲ. ನೆಲದ ಟೈಲ್ಸ್, ಕೋಲಿನ ಆಯುಷ್ಯ, ರಾತ್ರಿಯ ಶಬ್ದ, ನೆರೆಮನೆಯವರ ದೂರು ಎಲ್ಲವೂ ಆ ಹೆಬ್ಬೆರಳಿನಷ್ಟು ರಬ್ಬರ್ ತುಂಡಿಗೆ ಬಂದು ತಾಗುತ್ತವೆ.

ಈಗ ಯಾಕೆ ಈ ಮಾತು?

2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆಯನ್ನು ಅಂಗೀಕರಿಸಿತು. ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ಕೌಶಲದ ಆಟವೋ, ಅದೃಷ್ಟದ ಆಟವೋ ಎಂದು ನೋಡದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳಿಗೆ ಈ ಕಾಯ್ದೆ ಬಾಗಿಲು ಹಾಕಿತು. ಮೊಬೈಲಿನಲ್ಲಿ ದುಡ್ಡಿಟ್ಟು ಪೂಲ್, ಕೇರಂ ಆಡುತ್ತಿದ್ದವರ ಆಟವೂ ಅದರೊಂದಿಗೆ ನಿಂತಿತು. ಬೆರಳಲ್ಲಿ ಗೆರೆ ಎಳೆದು ಚೆಂಡು ಹಾಕುವುದನ್ನು ಕಲಿತ ಹುಡುಗರಿಗೆ ನಿಜವಾದ ಟೇಬಲ್‌ನ ಆಸೆ ಹುಟ್ಟುವುದು ಸಹಜ. ಕೆಳಗೆ ಕಿರಾಣಿ, ಮೇಲೆ ಖಾಲಿ ಕೋಣೆ ಇರುವ ಯಾವ ಕಟ್ಟಡದ ಮಾಲಕರಿಗೂ "ಒಂದು ಪೂಲ್ ಟೇಬಲ್ ಹಾಕಿದರೆ ಹೇಗೆ" ಎಂಬ ಯೋಚನೆ ಬರಬಹುದಾದ ಕಾಲ ಇದು.

ಟೇಬಲ್ ಹಾಕುವಾಗ ಎಲ್ಲರೂ ಕೇಳುವುದು ಟೇಬಲ್‌ನ ರೇಟು, ಬಟ್ಟೆಯ ರೇಟು, ಸಾಗಾಟದ ಖರ್ಚು. ಕೋಲಿನ ಬುಡದ ರಬ್ಬರ್ ಬಗ್ಗೆ ಕೇಳುವವರು ಕಡಿಮೆ. ಕೋಲುಗಳು ಬರುವಾಗ ರಬ್ಬರ್ ಇರುತ್ತದೆ. ಆರು ತಿಂಗಳು ಕಳೆಯುವಾಗ ಒಂದೊಂದಾಗಿ ಕಾಣೆಯಾಗುತ್ತವೆ. ಎಲ್ಲಿ ಹೋಯಿತು ಎಂದು ಹುಡುಕುವವರೂ ಇಲ್ಲ, ಹೊಸತು ಹಾಕುವವರೂ ಇಲ್ಲ. ಅಲ್ಲಿಂದ ಶುರುವಾಗ್ತದೆ ಟಕ್ ಟಕ್.

ಈ ಊರಿಗೆ ಮಾತ್ರ ಏನು ವಿಶೇಷ?

ಕಾಟಿಪಳ್ಳ, ಕೃಷ್ಣಾಪುರ ಎಂದರೆ ಬ್ಲಾಕ್‌ಗಳ ಊರು. ನವಮಂಗಳೂರು ಬಂದರಿಗಾಗಿ ಪಣಂಬೂರು ಕಡೆ ಮನೆ, ಗದ್ದೆ ಬಿಟ್ಟುಕೊಟ್ಟ ಕುಟುಂಬಗಳಿಗೆ ಪುನರ್ವಸತಿ ಸಿಕ್ಕಿದ್ದು ಇಲ್ಲಿ. ಆ ಬಂದರು 1974ರ ಮೇ 4ರಂದು ದೇಶದ 9ನೇ ಪ್ರಮುಖ ಬಂದರು ಎಂದು ಘೋಷಣೆಯಾಯಿತು, 1975ರ ಜನವರಿಯಲ್ಲಿ ಉದ್ಘಾಟನೆಯೂ ಆಯಿತು. ಬಂದರು ಬೆಳೆಯಿತು, ಆಮೇಲೆ ಎಂಆರ್‌ಪಿಎಲ್ ಬಂತು, ಬ್ಲಾಕ್‌ಗಳಲ್ಲಿ ಜನ ಹೆಚ್ಚಾದರು. ಮನೆ ಕಟ್ಟಲೆಂದು ಕೊಟ್ಟ ನಿವೇಶನಗಳಲ್ಲಿ ಮುಂದಿನ ತಲೆಮಾರು ಅಂಗಡಿ ಕೋಣೆಯನ್ನೂ ಕಟ್ಟಿತು. ಹಾಗಾಗಿ ಇಲ್ಲಿ ಪೇಟೆ ಒಂದು ಕಡೆ, ಮನೆ ಇನ್ನೊಂದು ಕಡೆ ಅಂತ ಗೆರೆ ಎಳೆಯಲಿಕ್ಕೆ ಆಗುವುದಿಲ್ಲ. ಶಟರ್‌ನ ಹಿಂದಿನ ಗೋಡೆಯಾಚೆ ಯಾರದ್ದೋ ಮಲಗುವ ಕೋಣೆ ಇರುತ್ತದೆ.

ಇಂತಹ ಜಾಗದಲ್ಲಿ ಮೇಲಿನ ಮಹಡಿಯ ನೆಲಕ್ಕೆ ಮರದ ಕೋಲು ಬಡಿದರೆ ಆ ಶಬ್ದ ಗಾಳಿಯಲ್ಲಿ ಹೋಗುವುದಲ್ಲ, ಸ್ಲ್ಯಾಬ್‌ನಲ್ಲೇ ಇಳಿದು ಕೆಳಗಿನ ಮನೆಯ ಸೀಲಿಂಗ್‌ನಲ್ಲಿ ಕೇಳುತ್ತದೆ. ಕಿಟಕಿ ಮುಚ್ಚಿದರೂ ಪ್ರಯೋಜನ ಇಲ್ಲ. ಹಾಡಿನ ಶಬ್ದ ಕಡಿಮೆ ಮಾಡಿ ಎಂದರೆ ಮಾಡಬಹುದು. ಆದರೆ ಕೋಲು ಊರದೆ ಪೂಲ್ ಆಡಿ ಎಂದು ಹೇಳಲಿಕ್ಕಾಗುತ್ತದಾ?

ಬುಷ್ ಎಂದರೆ ಯಾವುದು?

ಪೂಲ್ ಸ್ಟಿಕ್‌ನ ತೆಳ್ಳಗಿನ ತುದಿಯಲ್ಲಿ ಚರ್ಮದ ಟಿಪ್ ಇರುತ್ತದೆ, ಚೆಂಡಿಗೆ ತಾಗುವುದು ಅದು. ದಪ್ಪ ಬುಡದ ಕೊನೆಗೆ ಇರುವುದೇ ರಬ್ಬರ್ ಬುಷ್. ಕೆಲವು ಕೋಲುಗಳಲ್ಲಿ ಇದು ಸ್ಕ್ರೂ ಮೂಲಕ ಒಳಗೆ ಕೂರುತ್ತದೆ, ಕೆಲವಲ್ಲಿ ಒತ್ತಿ ಕೂರಿಸುವ ಮೊಳೆಯಂತಹ ಬಾಲ ಇರುತ್ತದೆ. ಆಟಗಾರ ತನ್ನ ಸರದಿ ಮುಗಿದ ಮೇಲೆ ಕೋಲನ್ನು ನೆಲಕ್ಕೆ ಊರಿ ನಿಲ್ಲುತ್ತಾನಲ್ಲ, ಆಗ ನೆಲಕ್ಕೆ ತಾಗುವ ಭಾಗ.

ಹಲವರಿಗೆ ತಿಳಿಯದ ಇನ್ನೊಂದು ಕೆಲಸವೂ ಇದಕ್ಕೆ ಉಂಟು. ಹೆಚ್ಚಿನ ಪೂಲ್ ಕೋಲುಗಳ ಬುಡದಲ್ಲಿ ಒಂದು ತೂತು ಇರುತ್ತದೆ, ಅದರೊಳಗೆ ತೂಕಕ್ಕಾಗಿ ಕಬ್ಬಿಣದ ಬೋಲ್ಟ್ ಕೂರಿಸಿರುತ್ತಾರೆ. ಕೋಲಿನ ತೂಕ ಹೆಚ್ಚು ಕಡಿಮೆ ಮಾಡಬೇಕಾದರೆ ಬುಷ್ ತೆಗೆದು ಬೋಲ್ಟ್ ಬದಲಾಯಿಸುವುದು ಕ್ರಮ. ಅಂದರೆ ಬುಷ್ ಆ ತೂತಿನ ಮುಚ್ಚಳವೂ ಹೌದು. ಬುಷ್ ಬಿದ್ದುಹೋದರೆ ತೂತು ಬಾಯಿ ತೆರೆದು ನಿಲ್ಲುತ್ತದೆ. ಧೂಳು, ನೆಲ ಒರೆಸಿದ ನೀರು, ಮಳೆಗಾಲದ ತೇವ ಎಲ್ಲ ಒಳಗೆ. ಬೋಲ್ಟ್ ತುಕ್ಕು ಹಿಡಿದು ಸಡಿಲವಾದರೆ ಪ್ರತೀ ಹೊಡೆತಕ್ಕೂ ಕೋಲು ಗಡಗಡ ಎನ್ನುತ್ತದೆ.

ನಿಯಮ ಏನು ಹೇಳ್ತದೆ?

ನಿಯಮದ ಪ್ರಕಾರ ಬುಷ್ ಕಡ್ಡಾಯ ಅಲ್ಲ. ವಿಶ್ವ ಪೂಲ್ ಸಂಸ್ಥೆಯ ಸಲಕರಣೆ ನಿಯಮಗಳು ಕೋಲಿನ ಉದ್ದ ಕನಿಷ್ಠ 40 ಇಂಚು, ತೂಕ ಗರಿಷ್ಠ 25 ಔನ್ಸ್ (ಸುಮಾರು 708 ಗ್ರಾಂ), ಟಿಪ್‌ನ ಅಗಲ ಗರಿಷ್ಠ 14 ಮಿಲಿಮೀಟರ್ ಎಂದು ಹೇಳುತ್ತವೆ. ಸ್ನೂಕರ್ ನಿಯಮ ಕೋಲು 3 ಅಡಿಗಿಂತ ಕಡಿಮೆ ಇರಬಾರದು, ರೂಢಿಯ ಆಕಾರದಿಂದ ಹೆಚ್ಚು ಬೇರೆಯಾಗಿರಬಾರದು ಎನ್ನುತ್ತದೆ. ಬುಡಕ್ಕೆ ರಬ್ಬರ್ ಇರಲೇಬೇಕು ಎಂದು ಎರಡೂ ಕಡೆ ಇಲ್ಲ, ಇರಬಾರದು ಎಂದೂ ಇಲ್ಲ. ಹಾಗಾಗಿ ಬುಷ್ ಇಲ್ಲದ ಕೋಲಿನಲ್ಲಿ ಆಡಿದರೆ ಫೌಲ್ ಎಂದು ಯಾರಾದರೂ ವಾದ ಮಾಡಿದರೆ ಅದಕ್ಕೆ ಆಧಾರ ಇಲ್ಲ. ಬುಷ್ ಹಾಕಿದರೆ ಟೂರ್ನಮೆಂಟ್‌ಗೆ ಬಿಡುವುದಿಲ್ಲ ಎಂಬ ಮಾತಿಗೂ ಆಧಾರ ಇಲ್ಲ.

ಇನ್ನು ಉಳಿಯುವುದು ಆಟದ ನಿಯಮವಲ್ಲ, ಅಂಗಡಿ ನಡೆಸುವ ಲೆಕ್ಕ.

ಬಾಲವೇ ತಲೆಯಾದ ಕಥೆ

ಈ ಕೋಲಿನ ಇತಿಹಾಸವೂ ಸ್ವಲ್ಪ ತಲೆಕೆಳಗು. ಹಿಂದೆ ಯುರೋಪಿನಲ್ಲಿ ಬಿಲಿಯರ್ಡ್ಸ್ ಆಡುತ್ತಿದ್ದುದು ತುದಿಯಲ್ಲಿ ದಪ್ಪ ತಲೆ ಇದ್ದ ಕೋಲಿನಿಂದ. ಅದರಿಂದ ಚೆಂಡನ್ನು ತಳ್ಳುವುದು. ಚೆಂಡು ಟೇಬಲ್‌ನ ಅಂಚಿಗೆ ಅಂಟಿ ನಿಂತರೆ ಆ ದಪ್ಪ ತಲೆ ಹೋಗುತ್ತಿರಲಿಲ್ಲ. ಆಗ ಕೋಲನ್ನು ತಿರುಗಿಸಿ ಹಿಂದಿನ ಸಣ್ಣ ಬಾಲದಿಂದ ಹೊಡೆಯುತ್ತಿದ್ದರು. 'ಕ್ಯೂ' ಎಂಬ ಹೆಸರು ಬಂದದ್ದೇ ಬಾಲ ಎಂಬ ಅರ್ಥದ ಫ್ರೆಂಚ್ ಶಬ್ದದಿಂದ. ಬಾಲದಿಂದ ಹೊಡೆಯುವುದೇ ಸುಲಭ ಎಂದು ಕ್ರಮೇಣ ತಲೆ ಹೋಯಿತು, ಬಾಲ ಉಳಿಯಿತು. 19ನೇ ಶತಮಾನದ ಆರಂಭದಲ್ಲಿ ಆ ತುದಿಗೆ ಚರ್ಮದ ಟಿಪ್ ಬಂತು. ಫ್ರಾನ್ಸಿನ ಮಿಂಗೋ ಎಂಬವರ ಹೆಸರನ್ನು ಇದಕ್ಕೆ ಹೇಳುತ್ತಾರೆ. 1830ರ ದಶಕದಲ್ಲಿ ಇಂಗ್ಲೆಂಡಿನ ಥರ್ಸ್ಟನ್ ಅವರು ಟೇಬಲ್‌ನ ಅಂಚಿಗೆ ರಬ್ಬರ್ ತಂದರು.

ಭಾರತಕ್ಕೂ ಈ ಆಟಕ್ಕೂ ನಂಟು ಹಳೆಯದು. ಸ್ನೂಕರ್ ಹುಟ್ಟಿದ್ದು 1875ರಲ್ಲಿ ಜಬಲ್ಪುರದ ಸೇನಾ ಅಧಿಕಾರಿಗಳ ನಡುವೆ ಎಂಬುದು ಒಪ್ಪಿತ ಮಾತು. ಅದರ ನಿಯಮಗಳು 1882ರಲ್ಲಿ ರೂಪ ಪಡೆದದ್ದು ನಮ್ಮ ಗುಂಡ್ಲುಪೇಟೆಯಿಂದ ಘಾಟಿ ಹತ್ತಿದರೆ ಸಿಗುವ ಊಟಿಯ ಕ್ಲಬ್‌ನಲ್ಲಿ. ಬೆಂಗಳೂರಿನಲ್ಲಿ ಬೆಳೆದ ಪಂಕಜ್ ಅಡ್ವಾಣಿ 2003ರಲ್ಲಿ ಚೀನಾದಲ್ಲಿ ಮೊದಲ ವಿಶ್ವ ಕಿರೀಟ ಗೆದ್ದರು, 2024ರ ನವೆಂಬರ್‌ನಲ್ಲಿ ದೋಹಾದಲ್ಲಿ 28ನೆಯದನ್ನು. ಕ್ಲಬ್‌ನ ಕೋಲು ಹಿಡಿದು ಕಲಿತ ಎಷ್ಟೋ ಆಟಗಾರರು ಇದೇ ರಾಜ್ಯದಲ್ಲಿದ್ದಾರೆ. ಹಾಗಾಗಿ ಇದನ್ನು 'ಪೋಲಿ ಹುಡುಗರ ಆಟ' ಎಂದು ತಳ್ಳಿಹಾಕುವ ಕಾಲ ಇದಲ್ಲ. ಆದರೆ ಆ ಹೆಸರು ಬರದ ಹಾಗೆ ಅಂಗಡಿ ನಡೆಸುವ ಜವಾಬ್ದಾರಿ ನಡೆಸುವವರದ್ದು.

ನೆಲಕ್ಕೆ ಬೀಳುವ ಪೆಟ್ಟಿನ ಲೆಕ್ಕ

ಒಂದು ಸಾಮಾನ್ಯ ಪೂಲ್ ಕೋಲಿನ ತೂಕ 19 ಔನ್ಸ್, ಅಂದರೆ ಸುಮಾರು 540 ಗ್ರಾಂ. ಆಟಗಾರ ಅದನ್ನು ನಾಲ್ಕು ಇಂಚು ಎತ್ತರದಿಂದ ನೆಲಕ್ಕೆ ಬಿಟ್ಟ ಎಂದಿಟ್ಟುಕೊಳ್ಳಿ. ಅರ್ಧ ಕಿಲೋ ತೂಕ, ನಾಲ್ಕು ಇಂಚು, ಇದೇನು ದೊಡ್ಡದಲ್ಲ ಅನ್ನಿಸ್ತದೆ. ಆದರೆ ಪೆಟ್ಟಿನ ಜೋರು ತೀರ್ಮಾನವಾಗುವುದು ಕೋಲು ಎಷ್ಟು ದೂರದಲ್ಲಿ ನಿಲ್ಲುತ್ತದೆ ಎಂಬುದರ ಮೇಲೆ.

ರಬ್ಬರ್ ಇದ್ದರೆ ಅದು ಅದುಮಿಕೊಂಡು 3 ಮಿಲಿಮೀಟರ್‌ನಲ್ಲಿ ಕೋಲನ್ನು ನಿಲ್ಲಿಸುತ್ತದೆ ಎಂದುಕೊಂಡರೆ, ನೆಲಕ್ಕೆ ಬೀಳುವ ಸರಾಸರಿ ಒತ್ತು 18 ಕಿಲೋ ಭಾರ ಇಟ್ಟಷ್ಟು. ರಬ್ಬರ್ ಇಲ್ಲದೆ ಮರ ನೇರ ಟೈಲ್ಸ್‌ಗೆ ಬಡಿದು 0.3 ಮಿಲಿಮೀಟರ್‌ನಲ್ಲೇ ನಿಂತರೆ, ಅದೇ ಕೋಲು ಅದೇ ಎತ್ತರದಿಂದ ಬಿದ್ದರೂ ಒತ್ತು 180 ಕಿಲೋ ಭಾರದಷ್ಟು. ಒಂದು ಕ್ಷಣಕ್ಕಷ್ಟೇ, ಆದರೆ ಬೀಳುವುದು ಹತ್ತು ಪಟ್ಟು. ಇದು ಅಂದಾಜಿನ ಲೆಕ್ಕ. ಆದರೂ ಅನುಪಾತ ಎಲ್ಲಿಗೆ ಹೋಗ್ತದೆ ಎಂಬುದು ಇದರಲ್ಲಿ ಕಾಣುತ್ತದೆ.

ಇನ್ನು ಎಷ್ಟು ಸಲ? ಒಂದು ಆಟದಲ್ಲಿ ಇಬ್ಬರೂ ಸೇರಿ 30 ಸಲ ಕೋಲು ಊರುತ್ತಾರೆ, ಒಂದು ಆಟಕ್ಕೆ 20 ನಿಮಿಷ ಎಂದು ಹಿಡಿಯಿರಿ. ದಿನಕ್ಕೆ 8 ಗಂಟೆ ಟೇಬಲ್ ಓಡಿದರೆ 24 ಆಟ, ಅಂದರೆ 720 ಪೆಟ್ಟು. ಎರಡು ಟೇಬಲ್ ಇದ್ದರೆ 1,440. ಒಳಗೆ ಸಿಮೆಂಟ್ ಸರಿಯಾಗಿ ತುಂಬದೆ ಪೊಳ್ಳು ಉಳಿದ ಟೈಲ್ಸ್ ಈ ಪೆಟ್ಟಿಗೆ ಎಷ್ಟು ದಿನ ತಾಳ್ತದೆ? ಮೊದಲು ಮೂಲೆ ಹಾರುತ್ತದೆ, ಆಮೇಲೆ ಗೆರೆ ಬಿಡುತ್ತದೆ. ಕೋಣೆ ಬಿಡುವ ದಿನ ಮಾಲಕರು ಅಡ್ವಾನ್ಸ್‌ನಲ್ಲಿ ಹಿಡಿಯುವುದು ಇದೇ ಟೈಲ್ಸ್‌ನ ದುಡ್ಡು. ಅದೇ ಡಿಸೈನ್‌ನ ಟೈಲ್ಸ್ ಆಗ ಅಂಗಡಿಯಲ್ಲಿ ಸಿಗದಿದ್ದರೆ ಮಾತು ಇಡೀ ಕೋಣೆಯ ನೆಲಕ್ಕೆ ಹೋಗುತ್ತದೆ.

ಪೆಟ್ಟು ನೆಲಕ್ಕೆ ಮಾತ್ರ ಅಲ್ಲ, ಕೋಲಿಗೂ ಬೀಳುತ್ತದೆ. ಬುಡದ ಅಂಚು ಚಕ್ಕೆ ಏಳುತ್ತದೆ, ಪಾಲಿಶ್ ಹೋಗುತ್ತದೆ, ಎರಡು ತುಂಡಿನ ಕೋಲಾದರೆ ನಡುವಿನ ಜೋಡಣೆ ಸಡಿಲವಾಗುತ್ತದೆ.

ಮಳೆಗಾಲವೇ ದೊಡ್ಡ ಶತ್ರು

ಕರಾವಳಿಯಲ್ಲಿ ಈ ಪ್ರಶ್ನೆಗೆ ಉತ್ತರ ಬೆಂಗಳೂರಿನ ಹಾಗೆ ಇರುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಒಣಗಿದ ನೆಲ ಎಂಬುದೇ ಅಪರೂಪ. ಒದ್ದೆ ಚಪ್ಪಲಿ, ಕೊಡೆಯಿಂದ ಸುರಿಯುವ ನೀರು, ದಿನಕ್ಕೆ ಎರಡು ಸಲ ನೆಲ ಒರೆಸುವುದು. ಕೋಲು ಊರುವುದು ಆ ನೆಲದ ಮೇಲೆ.

ಮರದ ಗುಣ ಬಡಗಿಯವರಿಗೆ ಚೆನ್ನಾಗಿ ಗೊತ್ತು. ಹಲಗೆಯ ಮೈಗಿಂತ ಕಡಿದ ತಲೆಯ ಭಾಗ ನೀರನ್ನು ಎಷ್ಟೋ ಬೇಗ ಹೀರುತ್ತದೆ. ನಾರುಗಳ ಬಾಯಿ ತೆರೆದಿರುವುದು ಅಲ್ಲಿ. ಅದಕ್ಕೇ ಬಾಗಿಲಿನ ದಾರಂದ ಮೊದಲು ಕುಂಬಾಗುವುದು ನೆಲಕ್ಕೆ ತಾಗುವ ಕಾಲಿನಲ್ಲಿ. ಪೂಲ್ ಕೋಲಿನ ಬುಡವೂ ಇದೇ. ಮೇಪಲ್ ಇರಲಿ, ಆಶ್ ಇರಲಿ, ಮೈಗೆ ಎಷ್ಟೇ ವಾರ್ನಿಶ್ ಹೊಡೆದರೂ ಬುಡದ ವಾರ್ನಿಶ್ ನೆಲಕ್ಕೆ ಬಡಿದು ಬಡಿದು ಮೊದಲು ಹೋಗುತ್ತದೆ. ಅಲ್ಲಿಂದ ತೇವ ಒಳಗೆ ಹೋದರೆ ಮರ ಉಬ್ಬುತ್ತದೆ, ಸೀಳುತ್ತದೆ. ಬುಷ್ ಇದ್ದರೆ ಮರ ನೆಲದಿಂದ ಅರ್ಧ ಇಂಚಿನಷ್ಟಾದರೂ ಮೇಲೆ ನಿಲ್ಲುತ್ತದೆ.

ಇಲ್ಲಿ ಒಂದು ಎಚ್ಚರಿಕೆಯೂ ಬೇಕು. ಬುಷ್ ಸಡಿಲವಾಗಿದ್ದರೆ ಅದರ ಮತ್ತು ಮರದ ನಡುವೆ ನೀರು ನಿಂತು ಒಣಗುವುದೇ ಇಲ್ಲ. ಇದು ಬುಷ್ ಇಲ್ಲದ್ದಕ್ಕಿಂತಲೂ ಕೆಟ್ಟದು. ಹಾಕುವುದಾದರೆ ಬಿಗಿಯಾಗಿ ಹಾಕಬೇಕು, ಮಳೆಗಾಲದ ಮೊದಲು ಒಮ್ಮೆ ತೆಗೆದು ಒಣಗಿಸಿ, ಬುಡದ ಮರಕ್ಕೆ ವಾರ್ನಿಶ್ ಒರೆಸಿ ಮತ್ತೆ ಕೂರಿಸಬೇಕು.

ಕೋಲನ್ನು ಗೋಡೆಗೆ ಒರಗಿಸಿ ಇಡುವವರಿಗೂ ಒಂದು ಮಾತು. ರಬ್ಬರ್ ಇದ್ದರೆ ಕೋಲು ಟೈಲ್ಸ್ ಮೇಲೆ ಜಾರಿ ಬೀಳುವುದಿಲ್ಲ, ನಿಜ. ಆದರೆ ದಿನಗಟ್ಟಲೆ ಒರಗಿಸಿ ಇಟ್ಟರೆ ಈ ತೇವದ ಹವೆಯಲ್ಲಿ ಕೋಲು ಬಾಗುತ್ತದೆ. ರಬ್ಬರ್ ಇದಕ್ಕೆ ಮದ್ದಲ್ಲ. ನೆಟ್ಟಗೆ ನಿಲ್ಲಿಸುವ ಸ್ಟ್ಯಾಂಡ್ ಬೇಕೇ ಬೇಕು.

ಶಬ್ದ: ದೂರು ಬರುವ ಮೊದಲು

2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45 ಡೆಸಿಬಲ್ ಮಿತಿ. ವಾಣಿಜ್ಯ ಪ್ರದೇಶದಲ್ಲಿ ಹಗಲು 65, ರಾತ್ರಿ 55. ರಾತ್ರಿ ಎಂದರೆ 10 ಗಂಟೆಯಿಂದ ಬೆಳಿಗ್ಗೆ 6ರವರೆಗೆ. ಅಂಗಡಿಯೂ ಮನೆಯೂ ಒಟ್ಟಿಗೆ ಇರುವ ಬ್ಲಾಕ್‌ಗಳಲ್ಲಿ "ಇದು ಪೇಟೆ" ಎಂದು ಅಂಗಡಿಯವರು, "ಇದು ಮನೆ ಇರುವ ಜಾಗ" ಎಂದು ನೆರೆಯವರು ಹೇಳುತ್ತಾರೆ. ಇಬ್ಬರ ಮಾತಿನಲ್ಲೂ ಹುರುಳಿದೆ.

ಡೆಸಿಬಲ್ ಅಳೆಯುವ ಮೀಟರ್ ತಂದು ಯಾರೂ ದೂರು ಕೊಡುವುದಿಲ್ಲ. ಪಿಯುಸಿ ಪರೀಕ್ಷೆಗೆ ಓದುವ ಮಗಳಿಗೆ ತೊಂದರೆ, ಹಾಸಿಗೆ ಹಿಡಿದ ಅಜ್ಜಿಗೆ ನಿದ್ದೆ ಇಲ್ಲ, ನೈಟ್ ಶಿಫ್ಟ್ ಮುಗಿಸಿ ಹಗಲು ಮಲಗುವವರಿಗೆ ಕಿರಿಕಿರಿ, ದೂರು ಹುಟ್ಟುವುದು ಹೀಗೆ. ಮೊದಲು ಮುಖ ಸಿಂಡರಿಸುತ್ತಾರೆ, ಆಮೇಲೆ ಕಟ್ಟಡದ ಮಾಲಕರಿಗೆ ಹೇಳುತ್ತಾರೆ, ಕೊನೆಗೆ ಪಾಲಿಕೆಗೋ ಠಾಣೆಗೋ ಅರ್ಜಿ ಹೋಗುತ್ತದೆ. ಉದ್ದಿಮೆ ಪರವಾನಗಿ ಇಟ್ಟುಕೊಂಡು ವ್ಯಾಪಾರ ಮಾಡುವವರಿಗೆ ಆ ಅರ್ಜಿ ಬೇಡದ ತಲೆನೋವು. ಹುಡುಗರು ಸೇರುವ ಜಾಗ ಎಂದ ಕೂಡಲೇ ಅನುಮಾನದಿಂದ ನೋಡುವವರು ಎಲ್ಲ ಊರಲ್ಲೂ ಇದ್ದಾರೆ. ಅವರ ಕೈಗೆ ಶಬ್ದದ ಕಾರಣವನ್ನೂ ಕೊಡುವುದು ಯಾಕೆ?

ರಬ್ಬರ್ ಬುಷ್ ಎಲ್ಲ ಶಬ್ದವನ್ನೂ ನಿಲ್ಲಿಸುವುದಿಲ್ಲ. ಚೆಂಡಿಗೆ ಚೆಂಡು ಬಡಿಯುವ ಶಬ್ದ, ಪಾಕೆಟ್‌ಗೆ ಬೀಳುವ ಶಬ್ದ, ಗೆದ್ದವರ ಬೊಬ್ಬೆ ಹಾಗೆಯೇ ಇರುತ್ತದೆ. ಆದರೆ ಸ್ಲ್ಯಾಬ್ ಮೂಲಕ ಕೆಳಗಿಳಿಯುವ ಟಕ್ ಟಕ್ ಇದೆಯಲ್ಲ, ಅದನ್ನು ಅತೀ ಕಡಿಮೆ ಖರ್ಚಿನಲ್ಲಿ ತಗ್ಗಿಸುವ ದಾರಿ ಇದೇ.

ಬೇಡ ಎನ್ನುವವರ ವಾದವೂ ಕೇಳಬೇಕು

ಬುಷ್ ಬೇಡ ಎನ್ನುವವರೆಲ್ಲ ಉಡಾಫೆಯವರಲ್ಲ. ಅವರ ಕಾರಣಗಳನ್ನು ಒಂದೊಂದಾಗಿ ನೋಡಬಹುದು.

ಮೊದಲನೆಯದು ಬ್ಯಾಲೆನ್ಸ್. ಬುಡಕ್ಕೆ ತೂಕ ಸೇರಿದರೆ ಕೋಲು ಹಿಂದಕ್ಕೆ ಭಾರ ಆಗ್ತದೆ ಎಂಬುದು ಆಟಗಾರರ ದೂರು. ಲೆಕ್ಕ ಹಾಕಿ ನೋಡೋಣ. 540 ಗ್ರಾಂ ಕೋಲು, ಅದರ ಬ್ಯಾಲೆನ್ಸ್ ಬಿಂದು ಬುಡದಿಂದ 18 ಇಂಚು ಮುಂದೆ ಎಂದಿಟ್ಟುಕೊಳ್ಳಿ. 5 ಗ್ರಾಂ ಬುಷ್ ಹಾಕಿದರೆ ಆ ಬಿಂದು ಹಿಂದಕ್ಕೆ ಸರಿಯುವುದು ಸುಮಾರು 4 ಮಿಲಿಮೀಟರ್. ಕ್ಲಬ್ ಕೋಲಿನಲ್ಲಿ ಆಡುವವರಿಗೆ ಇದು ಗೊತ್ತೂ ಆಗುವುದಿಲ್ಲ. ಆದರೆ ಊರುಗೋಲಿಗೆ ಹಾಕುವ ಟೊಪ್ಪಿಯಂತಹ ದಪ್ಪ ಬುಷ್ ತಂದು ತುರುಕಿದರೆ, ಅದು 25 ಗ್ರಾಂ ತೂಗಿದರೆ, ಬಿಂದು 2 ಸೆಂಟಿಮೀಟರ್ ಹಿಂದೆ ಹೋಗುತ್ತದೆ. ದಿನಾ ಆಡುವವನ ಕೈಗೆ ಇದು ತಿಳಿಯುತ್ತದೆ. ಅಂದರೆ ಈ ದೂರು ಯಾವ ಬುಷ್ ಎಂಬುದರ ಮೇಲೆ ನಿಂತಿದೆ.

ಎರಡನೆಯದು ಹೊಡೆತದ ಗುಣ ಬದಲಾಗ್ತದೆ ಎಂಬುದು. ಚೆಂಡು ಎಲ್ಲಿಗೆ ಹೋಗುತ್ತದೆ ಎಂಬುದನ್ನು ತೀರ್ಮಾನಿಸುವುದು ಟಿಪ್ ಎಲ್ಲಿ ತಾಗಿತು, ಕೈ ಎಷ್ಟು ನೇರ ಬಂತು, ವೇಗ ಎಷ್ಟು ಎಂಬುದು. ಬದಿಗೆ ಹೊಡೆದಾಗ ಬಿಳಿ ಚೆಂಡು ಓರೆ ಹೋಗುವುದಕ್ಕೂ ಮುಖ್ಯವಾಗಿ ಟಿಪ್ ಕಡೆಯ ತೂಕ ಕಾರಣ, ಬುಡದ ತೂಕ ಅಲ್ಲ. ಬುಷ್ ಹಾಕಿದ ಕೂಡಲೇ ಆಟ ಸುಧಾರಿಸುತ್ತದೆ ಎಂದು ಯಾರಾದರೂ ಮಾರಲು ಬಂದರೆ ಅದನ್ನೂ ನಂಬಬೇಕಾಗಿಲ್ಲ, ಆಟ ಹಾಳಾಗುತ್ತದೆ ಎಂಬುದನ್ನೂ ನಂಬಬೇಕಾಗಿಲ್ಲ. ಸಡಿಲ ಬುಷ್ ಮಾತ್ರ ಪ್ರತೀ ಹೊಡೆತಕ್ಕೆ ಜುಂಯ್ ಎಂದು ಅದುರಿ ಗಮನ ಕೆಡಿಸುತ್ತದೆ. ಅದಕ್ಕೆ ಪರಿಹಾರ ಬಿಗಿ ಮಾಡುವುದು, ಕಿತ್ತು ಬಿಸಾಡುವುದಲ್ಲ.

ಮೂರನೆಯದು ನೆಲದ ಕಲೆ. ಕಪ್ಪು ರಬ್ಬರ್ ಬಿಳಿ ಟೈಲ್ಸ್ ಮೇಲೆ ಗೆರೆ ಬಿಡುತ್ತದೆ, ಹೌದು. ಕಲೆ ಬಿಡದ ಬೂದು ಅಥವಾ ತಿಳಿ ಬಣ್ಣದ ರಬ್ಬರ್ ಹುಡುಕಿದರೆ ಈ ತಕರಾರು ಮುಗಿಯಿತು. ಕಪ್ಪು ಗೆರೆ ಒರೆಸಿದರೆ ಹೋಗುತ್ತದೆ, ಒಡೆದ ಟೈಲ್ಸ್ ಒರೆಸಿದರೆ ಸರಿಯಾಗುವುದಿಲ್ಲ.

ನಾಲ್ಕನೆಯದು, ಎಷ್ಟು ಹಾಕಿದರೂ ಹುಡುಗರು ಕಿತ್ತು ಹಾಕ್ತಾರೆ ಎಂಬುದು. ಈ ವಾದಕ್ಕೆ ತೂಕ ಉಂಟು. ಸರದಿ ಕಾಯುವಾಗ ಕೈ ಸುಮ್ಮನಿರದೆ ಬುಷ್ ತಿರುಗಿಸುತ್ತಾ ಕೂರುವವರಿದ್ದಾರೆ. ಒತ್ತಿ ಕೂರಿಸುವ ಬುಷ್ ಆದರೆ ಸುಲಭದಲ್ಲಿ ಬರುತ್ತದೆ. ಸ್ಕ್ರೂ ಇರುವ ಬುಷ್, ಅದರ ತಲೆ ಒಳಗೆ ಇಳಿದು ಸ್ಕ್ರೂಡ್ರೈವರ್ ಇಲ್ಲದೆ ತೆಗೆಯಲಿಕ್ಕೆ ಆಗದಂತಹದ್ದು ಕ್ಲಬ್ ಕೋಲಿಗೆ ಸರಿ.

ಸ್ನೂಕರ್ ಕೋಲಿನ ವಿಷಯ ಬೇರೆ

ಒಂದೇ ಅಳತೆಯಲ್ಲಿ ಎಲ್ಲವನ್ನೂ ಅಳೆಯಬಾರದು. ಸ್ನೂಕರ್ ಕೋಲು ಹೆಚ್ಚಾಗಿ ಆಶ್ ಮರದ್ದು, ಅದರ ಟಿಪ್ 9-10 ಮಿಲಿಮೀಟರ್, ಪೂಲ್ ಕೋಲಿನದ್ದು 12-13. ಸ್ನೂಕರ್ ಕೋಲಿನ ಬುಡ ಸಂಪ್ರದಾಯದಂತೆ ಬೋಳಾಗಿರುವುದೂ ಉಂಟು, ಸಣ್ಣ ರಬ್ಬರ್ ಇರುವುದೂ ಉಂಟು. ಕೆಲವದರ ಬುಡದಲ್ಲಿ ಉದ್ದ ಜೋಡಿಸುವ ತುಂಡಿಗೆಂದು ಹಿತ್ತಾಳೆಯ ಮರೆ ಇರುತ್ತದೆ. ಸ್ವಂತ ಕೋಲು ತರುವ ಆಟಗಾರ ಅದನ್ನು ಮಗುವಿನಂತೆ ನೋಡಿಕೊಳ್ಳುತ್ತಾನೆ, ಕೆಲವರು ನೆಲಕ್ಕೆ ಊರುವುದೇ ಇಲ್ಲ, ಪಾದದ ಶೂ ಮೇಲೆ ಇಟ್ಟುಕೊಳ್ಳುತ್ತಾರೆ. ಅಂತಹವನಿಗೆ ಬುಷ್ ಹಾಕಿಯೇ ಆಡು ಎಂದು ಒತ್ತಾಯ ಮಾಡುವುದರಲ್ಲಿ ಅರ್ಥ ಇಲ್ಲ.

ಕ್ಲಬ್‌ನ ಕೋಲು ಹಾಗಲ್ಲ. ಅದು ದಿನಕ್ಕೆ ಇಪ್ಪತ್ತು ಕೈ ದಾಟುತ್ತದೆ. ಯಾರ ಸ್ವಂತದ್ದೂ ಅಲ್ಲದ ವಸ್ತುವನ್ನು ಯಾರೂ ನಾಜೂಕಾಗಿ ಊರುವುದಿಲ್ಲ. ಬುಷ್ ಬೇಕಾಗಿರುವುದು ಅದಕ್ಕೆ.

ಹಾಗಾದರೆ ಮಾಡುವುದೇನು?

ಪ್ಲಾಸ್ಟಿಕ್ ಸ್ಟೂಲ್, ಕಬ್ಬಿಣದ ಏಣಿ, ಅಜ್ಜನ ಊರುಗೋಲು, ಎಲ್ಲದರ ಕಾಲಿಗೂ ಬುಷ್ ಹಾಕುವುದು ನಮಗೆ ಗೊತ್ತಿಲ್ಲದ ವಿದ್ಯೆಯಲ್ಲ. ಹೋಟೆಲಿನಲ್ಲಿ ಕುರ್ಚಿ ಎಳೆಯುವಾಗ ಕಿರ್ ಎಂದರೆ ಮರುದಿನವೇ ಹಾರ್ಡ್‌ವೇರ್ ಅಂಗಡಿಯಿಂದ ಬುಷ್ ಬರುತ್ತದೆ. ರಬ್ಬರ್ ಕೂಡ ದೂರದ್ದಲ್ಲ. ಸುಳ್ಯ, ಬೆಳ್ತಂಗಡಿ, ಕಡಬ ಕಡೆಯ ಗುಡ್ಡಗಳಲ್ಲಿ ಹಾಲು ಇಳಿಸುವ ತೋಟಗಳು ನಮ್ಮ ಜಿಲ್ಲೆಯವೇ.

ಟೇಬಲ್ ನಡೆಸುವವರು ಕೋಲು ಕೊಳ್ಳುವಾಗಲೇ ಕೆಲವು ಬಿಡಿ ಬುಷ್ ಕೇಳಿ ಪಡೆದುಕೊಳ್ಳುವುದು ಒಳ್ಳೆಯದು, ಆಮೇಲೆ ಅದೇ ಅಳತೆ ಸಿಗುವುದು ಕಷ್ಟ. ಬಿಡಿ ಬುಷ್ ಸಿಗದಿದ್ದರೆ ಕುರ್ಚಿಯ ಚಿಕ್ಕ ಬುಷ್‌ನಲ್ಲಿ ಹೊಂದುವಂತಹದ್ದು ಹುಡುಕಬಹುದು, ಆದರೆ ತೂಕ ನೋಡಿ ತೆಗೆದುಕೊಳ್ಳಬೇಕು. ಎಲ್ಲ ಕೋಲಿಗೂ ಒಂದೇ ರೀತಿಯದ್ದು ಹಾಕಿದರೆ "ಆ ಸ್ಟಿಕ್ ಬೇಡ, ಈ ಸ್ಟಿಕ್ ಬೇಕು" ಎಂಬ ಜಗಳವೂ ಕಡಿಮೆ. ಅಂಟು ಹಾಕಿ ಖಾಯಂ ಕೂರಿಸುವುದು ಬೇಡ, ಒಳಗಿನ ಬೋಲ್ಟ್ ತೆಗೆಯಬೇಕಾದಾಗ ಕಷ್ಟವಾಗುತ್ತದೆ. ವಾರಕ್ಕೊಮ್ಮೆ ಟಿಪ್ ನೋಡುವಾಗ ಬುಡವನ್ನೂ ತಿರುಗಿಸಿ ನೋಡಿದರೆ ಸಾಕು. ಸವೆದು ಸ್ಕ್ರೂ ಹೊರಗೆ ಬಂದಿದ್ದರೆ ಅದೇ ದಿನ ಬದಲಿಸಬೇಕು, ಯಾಕೆಂದರೆ ಟೈಲ್ಸ್‌ಗೆ ಮರಕ್ಕಿಂತ ಕಬ್ಬಿಣದ ಸ್ಕ್ರೂ ಹೆಚ್ಚು ಅಪಾಯ.

ಟೇಬಲ್ ಸುತ್ತ ರಬ್ಬರ್ ಮ್ಯಾಟ್ ಹಾಸುವುದು ಇನ್ನೊಂದು ದಾರಿ. ನೆಲಕ್ಕೂ ಕೆಳಗಿನ ಮನೆಗೂ ಅದು ಬುಷ್‌ಗಿಂತ ಹೆಚ್ಚು ರಕ್ಷಣೆ ಕೊಡುತ್ತದೆ, ಆದರೆ ಖರ್ಚು ಹೆಚ್ಚು. ಬಟ್ಟೆಯ ಕಾರ್ಪೆಟ್ ಮಾತ್ರ ಬೇಡ. ಜುಲೈ ತಿಂಗಳಲ್ಲಿ ಅದರಿಂದ ಬರುವ ಬೂಷ್ಟು ವಾಸನೆಗೆ ಗಿರಾಕಿ ಬಾಗಿಲಿಂದಲೇ ತಿರುಗಿ ಹೋಗ್ತಾನೆ.

ಕಟ್ಟಡದ ಮಾಲಕರು ಬಾಡಿಗೆ ಕರಾರು ಮಾಡುವಾಗ ನೆಲದ ಹಾನಿ ಯಾರ ಹೊಣೆ ಎಂದು ಒಂದು ಸಾಲು ಬರೆಸಿಕೊಂಡರೆ ಇಬ್ಬರಿಗೂ ಕ್ಷೇಮ. ಟೇಬಲ್ ಬರುವ ಮೊದಲು ನೆಲದ ಫೋಟೋ ತೆಗೆದಿಟ್ಟರೆ ಮುಂದೆ ಅಡ್ವಾನ್ಸ್ ಹಿಂದೆ ಕೊಡುವಾಗ ಮಾತು ಬೆಳೆಯುವುದಿಲ್ಲ. ನೆರೆಮನೆಯವರೂ ನೇರ ಠಾಣೆಗೆ ಹೋಗುವ ಮೊದಲು ಅಂಗಡಿಯವರಲ್ಲಿ ಬುಷ್ ಹಾಕಿಸಲು ಕೇಳಬಹುದು. "ಶಬ್ದ ಆಗ್ತದೆ" ಎಂದರೆ ವಾದ ಹುಟ್ಟುತ್ತದೆ. "ಕೋಲಿಗೆ ರಬ್ಬರ್ ಹಾಕಿ" ಎಂದರೆ ಕೆಲಸ ಆಗುತ್ತದೆ.

ಒಟ್ಟಿನಲ್ಲಿ ನಿಯಮದ ಪುಸ್ತಕ ಕೇಳದಿದ್ದರೂ ನಮ್ಮ ಊರಿನ ಟೈಲ್ಸ್ ನೆಲ, ನಾಲ್ಕು ತಿಂಗಳ ಮಳೆ, ಗೋಡೆಗೆ ಗೋಡೆ ತಾಗಿದ ಮನೆಗಳು ಕೇಳುತ್ತವೆ. ಸ್ವಂತ ಕೋಲಿನ ಸ್ನೂಕರ್ ಆಟಗಾರನಿಗೆ ಅದು ಅವನಿಷ್ಟ. ಬಾಡಿಗೆ ಕೋಣೆಯ ಪೂಲ್ ಟೇಬಲ್‌ನ ಪ್ರತೀ ಕೋಲಿಗೂ ಬುಷ್ ಬೇಕು. ಅದರ ಖರ್ಚು ಅಂಗಡಿಯವರದ್ದೇ ಆಗಿರಬೇಕು, ಯಾಕೆಂದರೆ ಉಳಿತಾಯವೂ ಅವರದ್ದೇ.